ಮಾಚಮ್ಮ ಬೇರೆ, ಮಾದಮ್ಮ ಬೇರೆ

ಫೋನ್ ಬಂದಾಗ ನಾನು ಹಗರಿಬೊಮ್ಮನಹಳ್ಳಿಯ ನಮ್ಮ ಕಚೇರಿಯಲ್ಲಿ ಪ್ರಿಂಟರಿಗೆ ಸ್ಟಿಕ್ಕರ್ ಹಾಳೆ ತುಂಬುತ್ತಿದ್ದೆ. ಮಾತಾಡಿದವಳು ನಮ್ಮ ಸಂಚಾರಿ ಕ್ಲಿನಿಕ್ಕಿನ ನರ್ಸ್.

"ಅಕ್ಕಾ, ಹರಪನಹಳ್ಳಿ ಆಸ್ಪತ್ರ್ಯಾಗ ಅದೀನಿ. ತೆಲಿಗಿ ಕಡಿಂದ ಒಬ್ಬಾಕಿನ ಕರ್ಕಂಡು ಬಂದಾರ. ಫಿಟ್ಸ್ ಬಂದು ಒಲಿ ಮ್ಯಾಲೆ ಬಿದ್ದಾಳಂತ. ಬಲಗೈ ಪೂರಾ ಸುಟ್ಟೈತಿ. ಹೆಸರು ಮಾದಮ್ಮ. ನಮ್ಮ ಪೇಶಂಟ್ ಹೌದೋ ಅಲ್ಲೋ ಒಂಚೂರು ನೋಡ್ರಿ."

ನಮ್ಮದು ಒಂದು ಖಾಸಗಿ ಟ್ರಸ್ಟಿನ ಆಸ್ಪತ್ರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲ್ಲೂಕುಗಳಲ್ಲಿ ಮೂರ್ಛೆರೋಗದವರಿಗೆ ತಿಂಗಳಿಗೊಮ್ಮೆ ಶಿಬಿರ ನಡೆಸಿ ಗುಳಿಗೆ ಕೊಡುತ್ತದೆ. ಯಾವ ಊರಿನ ಯಾರಿಗೆ ಯಾವ ಗುಳಿಗೆ ಎಂಬ ಪಟ್ಟಿಯನ್ನು ಕಂಪ್ಯೂಟರಿನ ಶೀಟಿನಲ್ಲಿ, ಅಂದರೆ ಸಾಲು ಕಾಲಮ್ಮುಗಳ ಕೋಷ್ಟಕದಲ್ಲಿ, ನೋಡಿಕೊಳ್ಳುವುದು ನನ್ನ ಕೆಲಸ. ಪಟ್ಟಿಯಿಂದ ಹೆಸರಿನ ಸ್ಟಿಕ್ಕರ್ ತೆಗೆಯುತ್ತೇನೆ, ಔಷಧ ವಿಭಾಗದವರು ಅದನ್ನು ಪೊಟ್ಟಣದ ಮೇಲೆ ಅಂಟಿಸುತ್ತಾರೆ, ಪೊಟ್ಟಣಗಳು ವ್ಯಾನಿನಲ್ಲಿ ಹೊರಡುತ್ತವೆ. ಸ್ಟಿಕ್ಕರ್ ಇಲ್ಲದವರಿಗೆ ಪೊಟ್ಟಣವಿಲ್ಲ.

ಫೋನನ್ನು ಭುಜಕ್ಕೆ ಒತ್ತಿಕೊಂಡು ಶೀಟಿನ ಹುಡುಕುವ ಕಿಟಕಿಯಲ್ಲಿ 'ಮಾದಮ್ಮ' ಎಂದು ಟೈಪ್ ಮಾಡಿದೆ. ಕರ್ಸರ್ ಜಿಗಿದು ಒಂದು ಹೆಸರಿನ ಮೇಲೆ ನಿಂತಿತು. ಊರು ತೆಲಿಗಿ ಕಡೆಯದೇ, ವಯಸ್ಸು ನಲವತ್ತು. ಆದರೆ ಹೆಸರು ಮಾದಮ್ಮ ಅಲ್ಲ, ಮಾಚಮ್ಮ. ಮತ್ತೆ ಹುಡುಕಿದೆ. ಮತ್ತೆ ಮಾಚಮ್ಮಳ ಮೇಲೇ ನಿಂತಿತು.

"ಮಾದಮ್ಮ ಇಲ್ಲವ್ವ. ಮಾಚಮ್ಮ ಅಂತ ಒಬ್ಬಾಕಿ ಅದಾಳ," ಎಂದೆ.

"ಮಾಚಮ್ಮ ಅಲ್ರೀ, ಮಾದಮ್ಮ. ಈಕಿ ಸೀರಿ ಸೆರಗಿನಾಗ ನಮ್ಮ ಹಳದಿ ಕಾರ್ಡ್ ಕಟ್ಕಂಡಾಳ. ಹೋದ ಶಿಬಿರಕ್ಕ ಬಂದಿದ್ಲಂತ, ಹೆಸರಿಲ್ಲ ಅಂತ ವಾಪಸ್ ಕಳಿಸೀವಂತ."

ನರ್ಸ್ ದನಿ ತಗ್ಗಿಸಿ, "ಕಳಿಸಿದಾಕಿ ನಾನೇ ಇರಬೇಕಕ್ಕ. ಮುಖ ನೆಪ್ಪಿಲ್ಲ," ಎಂದಳು.

ಫೋನ್ ಇಟ್ಟೆ. ಆಗ ನನಗೆ ಏನನ್ನಿಸಿತು ಎಂದು ಆಮೇಲೆ ಎಷ್ಟೋ ಸಲ ನೆನಪಿಸಿಕೊಳ್ಳಲು ನೋಡಿದ್ದೇನೆ. ಏನೂ ಅನ್ನಿಸಲಿಲ್ಲ. ಅದಕ್ಕೆ ದೊಡ್ಡ ಕಾರಣವೂ ಇರಲಿಲ್ಲ. ಆ ಹೊತ್ತಿಗೆ ನಾನು ಹಲವು ವರ್ಷಗಳಿಂದ ಹೆಸರುಗಳನ್ನು ಮೇಲಿಂದ ಕೆಳಕ್ಕೆ ಉರುಳಿಸುತ್ತ ಬಂದಿದ್ದೆ. ಹೆಸರಿನ ಹಿಂದೆ ಮೈ ಇದೆ, ಕೈ ಇದೆ ಎಂಬುದು ತಲೆಗೆ ಗೊತ್ತಿತ್ತು, ಮತ್ತೆಲ್ಲಿಗೂ ತಲುಪುತ್ತಿರಲಿಲ್ಲ. ಪ್ರಿಂಟರಿನಲ್ಲಿ ಹಾಳೆ ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿ ತೆಗೆದೆ.

ಹೋದ ಶಿಬಿರಕ್ಕೆ ಬಳಸಿದ ಪಟ್ಟಿ ಹೊಸದು. ಅಲ್ಲಿಯವರೆಗೆ ತಾಲ್ಲೂಕಿಗೊಂದರಂತೆ ಐದು ಪಟ್ಟಿಗಳಿದ್ದವು. ಕೋಗಳಿಯವರು ಒಂದು ತಿಂಗಳು ಹಗರಿಬೊಮ್ಮನಹಳ್ಳಿ ಶಿಬಿರಕ್ಕೆ ಬಂದರೆ ಇನ್ನೊಂದು ತಿಂಗಳು ಸಂತೆಗೆಂದು ಹೋದ ಬೇರೆ ತಾಲ್ಲೂಕಿನ ಶಿಬಿರದಲ್ಲೇ ಗುಳಿಗೆ ಪಡೆಯುತ್ತಿದ್ದರು. ಹೀಗೆ ಒಬ್ಬರೇ ಎರಡು ಪಟ್ಟಿಗಳಲ್ಲಿ ಇರುತ್ತಿದ್ದರು. ಎರಡು ಪೊಟ್ಟಣ ಮನೆಗೆ ಹೋಗಿ, ಯಾರಾದರೂ ಎರಡರಷ್ಟು ನುಂಗಿಬಿಟ್ಟಾರು ಎಂಬ ಹೆದರಿಕೆ ಡಾಕ್ಟರಿಗೆ. ಹಾಗಾಗಿ ದಾವಣಗೆರೆಯ ಕೇಂದ್ರ ಕಚೇರಿಯಲ್ಲಿದ್ದ ಎಂಜಿನಿಯರ್ ಐದನ್ನೂ ಸೇರಿಸಿ, ಹೆಸರು, ಊರು, ವಯಸ್ಸು ಮೂರೂ ಒಂದೇ ಆಗಿರುವ ಸಾಲುಗಳಲ್ಲಿ ಒಂದನ್ನು ಉಳಿಸಿ ಮಿಕ್ಕಿದ್ದನ್ನು ತೆಗೆಸಿದ್ದರು. ಶೀಟಿನಲ್ಲಿ ಅದಕ್ಕೆಂದೇ ಒಂದು ಗುಂಡಿ ಇದೆ. ಒತ್ತಿದರೆ ಇಷ್ಟು ಸಾಲು ತೆಗೆದೆ, ಇಷ್ಟು ಉಳಿಸಿದೆ ಎಂದು ಹೇಳುತ್ತದೆ. ಯಾವುದನ್ನು ತೆಗೆದೆ ಎಂದು ಹೇಳುವುದಿಲ್ಲ.

ಹರಪನಹಳ್ಳಿಯ ಹಳೆಯ ಪಟ್ಟಿ ತೆರೆದೆ. ಅದರಲ್ಲಿ ಇಬ್ಬರೂ ಇದ್ದರು, ಮೇಲೊಬ್ಬಳು ಕೆಳಗೊಬ್ಬಳು. ಮಾಚಮ್ಮ, ನಲವತ್ತು. ಮಾದಮ್ಮ, ನಲವತ್ತು. ನಮ್ಮ ಕಡೆ ವಯಸ್ಸು ಕೇಳಿದರೆ ನಲವತ್ತು, ನಲವತ್ತೈದು, ಐವತ್ತು, ಹೀಗೆ ದುಂಡಗೆ ಹೇಳುವುದೇ ರೂಢಿ. ಆದ್ದರಿಂದ ವಯಸ್ಸು ಒಂದೇ ಇದ್ದದ್ದು ಆಶ್ಚರ್ಯವಲ್ಲ. ಆದರೆ ಹೆಸರು ಒಂದೇ ಅಲ್ಲವಲ್ಲ.

ಶೀಟಿನ ಖಾಲಿ ಚೌಕವೊಂದರಲ್ಲಿ ಸಮ ಚಿಹ್ನೆ ಹಾಕಿ, ಈ ಎರಡು ಹೆಸರು ಒಂದೇ ಏನು ಎಂದು ಶೀಟನ್ನೇ ಕೇಳಿದೆ. ಹೌದು ಎಂದಿತು. ಎರಡನ್ನೂ ಅಳಿಸಿ ನನ್ನ ಕೈಯಿಂದಲೇ ಮತ್ತೆ ಟೈಪ್ ಮಾಡಿದೆ. ಆಗಲೂ ಹೌದು ಎಂದಿತು. ನನ್ನ ಕಣ್ಣಿಗೆ ಒಂದು ಚ, ಒಂದು ದ ಸ್ಪಷ್ಟವಾಗಿ ಕಾಣುತ್ತಿತ್ತು. ಮಾಚಪ್ಪ, ಮಾದಪ್ಪ ಎಂದು ಹಾಕಿದೆ. ಅದಕ್ಕೂ ಹೌದು. ಮಾರಪ್ಪ, ಮಾದಪ್ಪ ಎಂದರೆ ಮಾತ್ರ ಅಲ್ಲ ಎಂದಿತು.

ಎಂಜಿನಿಯರಿಗೆ ಫೋನ್ ಮಾಡಿದೆ. ಒಳ್ಳೆಯ ಮನುಷ್ಯ, ನಿಧಾನಿ. ಹೇಳಿದ್ದನ್ನೆಲ್ಲ ಕೇಳಿ, "ಆಗಲಿಕ್ಕಿಲ್ಲ ಮೇಡಂ," ಎಂದರು. "ನಾನು ಬರೀ ಶೀಟ್ ನಂಬಿಲ್ಲ. ಒಂದು ಪ್ರೋಗ್ರಾಂ ಬರೆದು ಚೆಕ್ ಮಾಡೀನಿ. ಹಳೇ ಐದು ಪಟ್ಟಿ ಒಳಗಿರೋ ಎಲ್ಲರೂ ಹೊಸದ್ರಾಗೆ ಅದಾರೆ ಅಂತ ಬಂತು. ಒಬ್ರೂ ಮಿಸ್ ಇಲ್ಲ."

"ಸರ್, ಒಬ್ಬಾಕಿ ಮಿಸ್ ಆಗ್ಯಾಳ. ಆಸ್ಪತ್ರ್ಯಾಗ ಅದಾಳ."

ಅವರು ಎರಡೂ ಹೆಸರು ಕೇಳಿ ಬರೆದುಕೊಂಡರು. ಆಮೇಲೆ, "ಆ ಹೆಸರಿನ ಕಾಲಮ್ಮಿಗೆ ಯಾವ ಫಾಂಟ್ ಐತಿ?" ಎಂದು ಕೇಳಿದರು.

ಹೆಸರುಗಳನ್ನು ಮೊದಲಿಂದಲೂ ಹಳೆಯ ಕಾಲದ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿಸಿದ್ದೆವು. ಊರಿನ ಹೆಸರುಗಳು ಮಾತ್ರ ಇಂಗ್ಲಿಷಿನಲ್ಲಿದ್ದವು. ಎಂಜಿನಿಯರ್ ಹೇಳಿದಂತೆ ಹೆಸರಿನ ಕಾಲಮ್ಮನ್ನು ಪೂರ್ತಿ ಆರಿಸಿ ಫಾಂಟ್ ಬದಲಿಸಿದೆ. ಕನ್ನಡವೆಲ್ಲ ಮಾಯವಾಗಿ ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಂಬು, ಗೆರೆಗಳ ಕಲಸುಮೇಲೋಗರ ತುಂಬಿಕೊಂಡಿತು. ಅಂದರೆ ಯಂತ್ರದ ಒಳಗೆ ಕನ್ನಡ ಎಂದೂ ಇರಲೇ ಇಲ್ಲ. ಒಳಗಿದ್ದದ್ದು ಇಂಗ್ಲಿಷ್ ಗುರುತುಗಳು. ಅವುಗಳಿಗೆ ಕನ್ನಡದ ರೂಪ ತೊಡಿಸುತ್ತಿದ್ದದ್ದು ಫಾಂಟ್.

"ಆ ಎರಡು ಹೆಸರು ಓದ್ರಿ ಮೇಡಂ. ಒಂದೊಂದೇ ಅಕ್ಷರ."

ಓದಿದೆ. ಉದ್ದಕ್ಕೂ ಒಂದೇ. ನಡುವೆ ಮಾಚಮ್ಮಳಲ್ಲಿ ದೊಡ್ಡ ಝಡ್ ಇತ್ತು, ಮಾದಮ್ಮಳಲ್ಲಿ ಸಣ್ಣ ಝಡ್.

ಆ ಕಡೆ ಎಂಜಿನಿಯರ್ ಉಸಿರು ಬಿಟ್ಟದ್ದು ಕೇಳಿಸಿತು. ಶೀಟು ಎರಡು ಪದಗಳನ್ನು ಹೋಲಿಸುವಾಗ ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಅವರು ವಿವರಿಸಿದರು. ಹುಡುಕುವಾಗ, ಒಂದೇ ಥರದ ಸಾಲು ತೆಗೆಯುವಾಗ, ಸಮ ಚಿಹ್ನೆ ಹಾಕಿದಾಗ, ಎಲ್ಲದರಲ್ಲೂ ಹಾಗೆಯೇ. ಇಂಗ್ಲಿಷಿಗೆ ಅದೇ ಸರಿ. ಕೊಟ್ಟೂರು ಎಂಬುದನ್ನು ಎಲ್ಲ ದೊಡ್ಡಕ್ಷರದಲ್ಲಿ ಬರೆದರೂ ಎಲ್ಲ ಸಣ್ಣಕ್ಷರದಲ್ಲಿ ಬರೆದರೂ ಊರು ಒಂದೇ ತಾನೆ? ಆದರೆ ನಮ್ಮ ಫಾಂಟಿನಲ್ಲಿ ಸಣ್ಣ ಝಡ್ ಎಂದರೆ ದ, ದೊಡ್ಡ ಝಡ್ ಎಂದರೆ ಚ. ಅಲ್ಲಿ ವ್ಯತ್ಯಾಸ ಬಿಟ್ಟರೆ ಒಬ್ಬ ಹೆಂಗಸನ್ನೇ ಬಿಟ್ಟಂತೆ.

"ಮತ್ತ ನಿಮ್ಮ ಪ್ರೋಗ್ರಾಂ ಹ್ಯಾಂಗ ಹಿಡೀಲಿಲ್ಲ ಸರ್?"

"ಪ್ರೋಗ್ರಾಂ ಸುಮ್ನೆ ಬಿಟ್ಟಿದ್ರೆ ಹಿಡೀತಿತ್ತು," ಎಂದರು. "ಅದಕ್ಕೆ ದೊಡ್ಡದು ಬೇರೆ, ಸಣ್ಣದು ಬೇರೆ. ಮೊದಲ್ನೇ ಸಲ ಓಡಿಸಿದಾಗ ನೂರಾರು ಜನ ಮಿಸ್ ಅಂತ ತೋರಿಸ್ತು. ನೋಡಿದ್ರೆ ಬರೀ ಊರ ಹೆಸರಿನ ಗಲಾಟೆ. ಒಬ್ರು ದೊಡ್ಡಕ್ಷರ, ಒಬ್ರು ಸಣ್ಣಕ್ಷರ. ಅದ್ಕೆ ಹೋಲಿಸೋ ಮುಂಚೆ ಇಡೀ ಸಾಲನ್ನ ಸಣ್ಣಕ್ಷರ ಮಾಡ್ಬಿಟ್ಟೆ. ಇಡೀ ಸಾಲು. ಊರು ಒಂದೇ ಸಾಕಾಗಿತ್ತು."

ಶೀಟು ಒಂದು ಕಡೆ ಕಣ್ಣು ಮುಚ್ಚಿತ್ತು, ಅದನ್ನು ಪರೀಕ್ಷಿಸಬೇಕಾದ ಪ್ರೋಗ್ರಾಮಿಗೆ ಅದೇ ಕಡೆಯ ಕಣ್ಣು ಕಟ್ಟಿದ್ದರು. ಎರಡು ಸಾಕ್ಷಿಗಳೂ ಒಂದೇ ಮಾತು ಹೇಳಿದವು. ನಾವು ನಂಬಿದೆವು.

ಎಂಜಿನಿಯರ್ ಅಂದೇ ಪ್ರೋಗ್ರಾಂ ತಿದ್ದಿದರು. ಊರಿನ ಕಾಲಮ್ಮನ್ನು ಮಾತ್ರ ಸಣ್ಣಕ್ಷರ ಮಾಡಿ, ಹೆಸರನ್ನು ಇದ್ದಂತೆಯೇ ಬಿಟ್ಟು ಓಡಿಸಿದರು. ನಾನು ಇಲ್ಲಿ ಶೀಟಿನಲ್ಲಿ 'ಎಕ್ಸಾಕ್ಟ್' ಎಂಬ ಸೂತ್ರ ಹಾಕಿ ನೋಡಿದೆ. ಆ ಸೂತ್ರ ಅಕ್ಷರಕ್ಕೆ ಅಕ್ಷರ ತಾಳೆ ಹಾಕುತ್ತದೆ. ಮಾಚಮ್ಮ, ಮಾದಮ್ಮ ಒಂದೇನಾ ಎಂದರೆ ಅಲ್ಲ ಎಂದಿತು. ಕಾಣೆಯಾದವರು ಹೆಚ್ಚಿರಲಿಲ್ಲ, ಬೆರಳಲ್ಲಿ ಎಣಿಸುವಷ್ಟು. ಕೊಟ್ಟೂರಿನ ಬಳಿ ಒಬ್ಬ ಮಾದಪ್ಪ ಮಾಚಪ್ಪನೊಳಗೆ ಕರಗಿಹೋಗಿದ್ದ. ಮಾಗಳದಲ್ಲಿ ಒಬ್ಬಳು ಹೀಗೆಯೇ.

ಇಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಕೂಡ್ಲಿಗಿಯ ಪಟ್ಟಿಯನ್ನು ಯಾರೋ ಬೇರೆಯೇ ಫಾಂಟಿನಲ್ಲಿ ಟೈಪ್ ಮಾಡಿ, ಆಮೇಲೆ ನಮ್ಮ ಫಾಂಟಿಗೆ ತಿರುಗಿಸಿದ್ದರು. ಅದರ ಒಳಗಿನ ಗುರುತುಗಳು ಮಿಕ್ಕ ನಾಲ್ಕು ಪಟ್ಟಿಗಳಿಗೆ ಹೊಂದುತ್ತಿರಲಿಲ್ಲ. ಎಲ್ಲವನ್ನೂ ಯೂನಿಕೋಡಿಗೆ, ಅಂದರೆ ನಿಜವಾದ ಕನ್ನಡಕ್ಕೆ, ಬದಲಿಸಿಬಿಡೋಣ ಎಂದು ಎಂಜಿನಿಯರ್ ಪ್ರಯತ್ನಿಸಿದರು. ಕೂಡ್ಲಿಗಿಯ ಹೆಸರುಗಳಲ್ಲಿ ಒತ್ತಕ್ಷರಗಳು ಉದುರಿದವು. ಬಸಮ್ಮ ಬಸಮ ಆದಳು. ಹಾಗೆ ಉದುರಿದ ಹೆಸರು ಇನ್ನಾರ ಹೆಸರಿಗಾದರೂ ಸಮವಾಗಿ, ಇನ್ನಾರಾದರೂ ಅಳಿಸಿಹೋಗಿದ್ದರೆ? ಗೊತ್ತಾಗುವ ದಾರಿ ಇರಲಿಲ್ಲ. ಮುಂದಿನ ಸುತ್ತಿನ ವ್ಯಾನು ಹೊರಡುವುದಿತ್ತು.

ಡಾಕ್ಟರ ಕೋಣೆಯಲ್ಲಿ ಕೂತೆವು. ಔಷಧ ವಿಭಾಗದ ಹಿರಿಯರು, ನಾವೆಲ್ಲ ಸಾಹೇಬರು ಎಂದು ಕರೆಯುವವರು, ಅವರೂ ಇದ್ದರು. ಡಾಕ್ಟರು, "ಸಿಕ್ಕವರನ್ನ ಸೇರಿಸಿ ಪಟ್ಟಿ ಪ್ರಿಂಟ್ ಹಾಕ್ರಿ. ಮುಂದಿನ ತಿಂಗಳು ಕೂಡ್ಲಿಗಿದು ಸರಿ ಮಾಡಿದ್ರಾತು," ಎಂದರು.

ನಾನು ಬೇಡ ಎಂದೆ. ದನಿ ಏರಿಸಿ ಅಲ್ಲ. ನನಗೆ ಆಗ ಏರಿಸಲು ದನಿಯೂ ಇರಲಿಲ್ಲ.

"ಸರ್, ಸೇರಿಸಿದ ಪಟ್ಟಿ ಬ್ಯಾಡ. ಹಳೇ ಐದು ಪಟ್ಟಿ ಹ್ಯಾಂಗಿದ್ವು ಹಾಂಗ ಕಳಿಸೋಣ. ಯಾರ ಹೆಸರೂ ಯಾರ ಹೆಸರಿನ ಜೋಡಿ ಹೋಲಿಸೋದು ಬ್ಯಾಡ. ಎರಡು ಸಲ ಹೆಸರು ಇದ್ದವ್ರಿಗೆ ಎರಡು ಪೊಟ್ಟಣ ಆಗತಾವ, ಆಗಲಿ."

ಸಾಹೇಬರು ಕನ್ನಡಕ ತೆಗೆದರು. "ಆಗಲಿ ಅಂದ್ರ ಹ್ಯಾಂಗಮ್ಮಾ? ಇದೇನ್ ಪೆಪ್ಪರಮಿಂಟಾ? ಒಬ್ಬಾತ ಎರಡೂ ಪೊಟ್ಟಣ ತಗಂಡು ಡಬಲ್ ನುಂಗಿದ್ರ ಜಿಮ್ಮೇದಾರಿ ಯಾರದು?"

ಅವರ ಮಾತೂ ಸುಳ್ಳಲ್ಲ. ಈ ಗುಳಿಗೆ ಹೆಚ್ಚಾದರೆ ಮನುಷ್ಯ ತೂರಾಡುತ್ತಾನೆ, ಮಂಪರು ಹತ್ತಿ ಏಳದೇ ಹೋಗಬಹುದು.

"ಮ್ಯಾಜಿನ ಮ್ಯಾಲೆ ಕಾರ್ಡ್ ನೋಡಿ, ಮುಖ ನೋಡಿ ಕೊಡೋಣ ಸಾಹೇಬ್ರ. ಎರಡನೇ ಪೊಟ್ಟಣ ಬಂದ್ರ ಅಲ್ಲೇ ಹಿಡೀಬಹುದು, ಮನುಷ್ಯ ಎದುರಿಗೇ ಇರ್ತಾನ. ಹೆಸರೇ ಇಲ್ಲದಾಕಿನ ಎಲ್ಲಿ ಹಿಡಿಯೋದು?"

ಕೊನೆಗೆ ಡಾಕ್ಟರು, "ನಂದೇ ಜವಾಬ್ದಾರಿ. ಹಂಗ ಮಾಡ್ರಿ," ಎಂದರು. ಸಾಹೇಬರು ಎದ್ದು ಹೋಗಿ ಪೊಟ್ಟಣ ಕಟ್ಟುವವರಿಗೆ ಕೆಲಸ ಮತ್ತೆ ಮೊದಲಿಂದ ಎಂದು ಹೇಳಿದರು. ಆ ಸಿಟ್ಟಿನಲ್ಲೂ ಪ್ರತಿ ಪೊಟ್ಟಣವನ್ನೂ ತಾವೇ ಇನ್ನೊಮ್ಮೆ ನೋಡಿ ಬಿಟ್ಟರು.

ಆ ಸುತ್ತಿಗೆ ನಾನೂ ವ್ಯಾನಿನಲ್ಲಿ ಹೊರಟೆ. ಮುಖ ನೋಡಿ ಕೊಡುವುದೆಂದರೆ ಹೊತ್ತು ಹಿಡಿಯುವ ಕೆಲಸ. ಒಬ್ಬೊಬ್ಬರನ್ನೂ ಕೂರಿಸಿ ಹೆಸರು ಹೇಳಿಸುವುದು, ಮನೆಯವರ ಹೆಸರು ಕೇಳುವುದು, ಹಿಂದಿನ ತಿಂಗಳು ಎಲ್ಲಿ ತಗೊಂಡಿರಿ ಎನ್ನುವುದು, ಕಾರ್ಡಿನ ಮೇಲೆ ಹೊಸ ಸಂಖ್ಯೆ ಬರೆಯುವುದು. ಇನ್ನು ಮೇಲೆ ಶೀಟು ಹೋಲಿಸುವುದಿದ್ದರೆ ಆ ಸಂಖ್ಯೆಯನ್ನು ಮಾತ್ರ. ಕೂಡ್ಲಿಗಿಯಲ್ಲಿ ಬಿಸಿಲಿಗೆ ಜನ ಗೊಣಗಿದರು. ಕೊಟ್ಟೂರಿನ ಬಳಿಯ ಮಾದಪ್ಪ ಗುಳಿಗೆ ಸಿಗದೆ ದುಡ್ಡು ಕೊಟ್ಟು ಅಂಗಡಿಯಲ್ಲಿ ತಂದುಕೊಂಡಿದ್ದ. ಮಾಗಳದವಳು ಮಗಳ ಮನೆಗೆ ಹೋಗಿದ್ದಳು, ಹಳೆಯ ಗುಳಿಗೆ ಉಳಿದಿದ್ದವು. ಹಡಗಲಿಯಲ್ಲಿ ಒಬ್ಬಾತ ಎರಡು ಪೊಟ್ಟಣ ತೆಗೆದುಕೊಂಡು ಹೋಗಿಯೂಬಿಟ್ಟ. ನರ್ಸ್ ಮಾರನೆಯ ದಿನ ಅವನ ಮನೆಗೇ ಹೋಗಿ ಒಂದನ್ನು ಇಸಿದುಕೊಂಡು ಬಂದಳು. ಸಾಹೇಬರಿಗೆ ಅದನ್ನು ಮುಚ್ಚಿಡದೆ ಹೇಳಿದೆ. "ಅಂದಿದ್ದೆನಲ್ಲಾ," ಎಂದರು, ಅಷ್ಟೇ.

ಹರಪನಹಳ್ಳಿ ಕಡೆಗೆ ಬರುವ ಹೊತ್ತಿಗೆ ಮಾದಮ್ಮ ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು. ತೆಲಿಗಿ ದಾಟಿ ಅವಳ ಊರಿಗೆ ಹೋದೆವು. ದಾರಿಯಲ್ಲಿ ನರ್ಸ್, "ಏನಂತ ಹೇಳೋದಕ್ಕ? ಸ್ಟಾಕ್ ಬಂದಿರಲಿಲ್ಲ ಅಂದ್ರಾತೇನು?" ಎಂದಳು. ಏನು ಹೇಳಬೇಕೆಂದು ನನಗೂ ಗೊತ್ತಿರಲಿಲ್ಲ.

ಮಾದಮ್ಮ ಕಟ್ಟೆಯ ಮೇಲೆ ಕೂತಿದ್ದಳು. ನಲವತ್ತು ಇರಲಿಕ್ಕಿಲ್ಲ, ಇನ್ನೂ ಚಿಕ್ಕವಳು. ಬಲಗೈಯನ್ನು ಮೊಣಕೈವರೆಗೆ ಬ್ಯಾಂಡೇಜಿನಲ್ಲಿ ಸುತ್ತಿ ತೊಡೆಯ ಮೇಲೆ ಯಾರದೋ ಸಾಮಾನಿನ ಹಾಗೆ ಇಟ್ಟುಕೊಂಡಿದ್ದಳು. ಪಕ್ಕದಲ್ಲಿ ಇನ್ನೊಬ್ಬಳು, ತಲೆಯಲ್ಲಿ ಸಾಕಷ್ಟು ನರೆ, ಶೇಂಗಾ ಬಿಡಿಸುತ್ತಿದ್ದಳು.

"ಈಕಿ ಯಾರ್ರೀ?" ಎಂದು ನರ್ಸ್ ಕೇಳಿದಳು.

"ಬಾಜೂ ಮನ್ಯಾಕಿ. ಮಾಚಮ್ಮ," ಎಂದಳು ಮಾದಮ್ಮ.

ಇಬ್ಬರೂ ಒಟ್ಟಿಗೆ ಕೂತಿದ್ದರು. ಒಬ್ಬಳು ಗಿಡ್ಡ, ಒಬ್ಬಳು ಉದ್ದ. ನೋಡುತ್ತ ನಿಂತೆ. ಆಮೇಲೆ ಕಟ್ಟೆಯ ತುದಿಗೆ ಕೂತು ನಡೆದದ್ದನ್ನು ಇದ್ದಂತೆ ಹೇಳಿದೆ. ಕಂಪ್ಯೂಟರು ನಿಮ್ಮಿಬ್ಬರನ್ನೂ ಒಬ್ಬರೇ ಎಂದು ತಿಳಿದು ಒಂದು ಹೆಸರು ಅಳಿಸಿತು, ನಾವು ಯಾರೂ ನೋಡಲಿಲ್ಲ, ನಿಮ್ಮ ತಪ್ಪೇನೂ ಇಲ್ಲ ಎಂದೆ.

ಮಾದಮ್ಮ ಕೇಳಿಸಿಕೊಂಡು, "ಅದಕ್ಕ ಚ ಯಾವ್ದು ದ ಯಾವ್ದು ಗೊತ್ತಾಗಂಗಿಲ್ಲೇನ್ರಿ?" ಎಂದಳು.

"ಇಲ್ರಿ. ಗೊತ್ತಾಗಂಗಿಲ್ಲ."

"ಸಾಲ್ಯಾಗ ಕಲ್ಸಿರದಿಲ್ಲೇನು ಮತ್ತ," ಎಂದಳು. ನಗಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದ್ದಳು.

ನಾನು ಕಾರ್ಡು ತೆಗೆದು ರೂಢಿಯ ಪ್ರಶ್ನೆ ಕೇಳಿದೆ. ಗುಳಿಗೆ ಸಿಗದೆ ಇದ್ದಾಗ ಪೂರ್ತಿ ನಿಲ್ಲಿಸಿಬಿಟ್ಟಿರಾ, ಮನೆಯಲ್ಲಿ ಉಳಿದಿದ್ದವಾ? ಮಾದಮ್ಮ ಮಾಚಮ್ಮಳ ಕಡೆ ನೋಡಿದಳು. ಮಾಚಮ್ಮ ಶೇಂಗಾ ಬಿಡಿಸುವುದನ್ನು ನಿಲ್ಲಿಸಿದಳು.

"ಪೂರಾ ನಿಲ್ಸಿಲ್ರಿ," ಎಂದಳು ಮಾಚಮ್ಮ. "ನನ್ನ ಪೊಟ್ಟಣ ಬಂದಿತ್ತಲ್ಲ. ಈಕಿ ಅಳಕಂತ ಬಂದ್ಲು. ದಿನಾ ಗುಳಿಗಿ ಮುರ್ದು, ಅರ್ಧ ಆಕಿಗಿ ಅರ್ಧ ನನಗ. ಇಲ್ದಕಿಂತ ಅರ್ಧಾನ ಚೊಲೋ ಅಂತ."

ನರ್ಸ್ ಬರೆಯುತ್ತಿದ್ದವಳು ತಲೆ ಎತ್ತಿದಳು. "ನೀವೂ ಅರ್ಧಾನ ನುಂಗೀರೇನು? ನಿಮಗೇನೂ ಆಗಲಿಲ್ಲಾ?"

ಮಾಚಮ್ಮ ಕೈಯಲ್ಲಿದ್ದ ಶೇಂಗಾ ಕೆಳಗಿಟ್ಟಳು. "ಒಂದ್ಸಲ ಬಂದಿತ್ರಿ. ಹೊಲ್ದಾಗ. ಭಾಳ ವರ್ಷ ಆಗಿತ್ತು ಬಂದಿರಲಿಲ್ಲ. ಮಣ್ಣಾಗ ಬಿದ್ದೆ, ಏನಾಗಲಿಲ್ಲ. ಯಾರ್ಗೂ ಹೇಳಿಲ್ಲ." ಮಾದಮ್ಮಳ ಕಡೆ ತಿರುಗಿ, "ನಿನಗೂ ಹೇಳಿಲ್ಲ," ಎಂದಳು.

ಮಾದಮ್ಮ ಎಡಗೈಯಿಂದ ಮಾಚಮ್ಮಳ ಸೆರಗಿನ ಮೇಲಿದ್ದ ಶೇಂಗಾ ಸಿಪ್ಪೆ ಒಂದೊಂದೇ ತೆಗೆದು ಕೆಳಗೆ ಹಾಕತೊಡಗಿದಳು.

ನಾನು ನೋಡುತ್ತಿದ್ದೆ. ಎದೆಯಲ್ಲಿ ಏನಾದರೂ ಆಗಬೇಕಿತ್ತು. ನೀರು ಕೇಳಿ ಕುಡಿದೆ. ಅದಕ್ಕಿಂತ ಹೆಚ್ಚು ಏನೂ ಆಗಲಿಲ್ಲ ಎಂದು ಬರೆಯುವುದೇ ನಿಜ.

ನರ್ಸ್ ಎರಡು ಪೊಟ್ಟಣ ತೆಗೆದಳು. ಮಾಚಮ್ಮಳದು ಅವಳ ಕೈಗೆ, ಮಾದಮ್ಮಳದು ಅವಳ ಎಡಗೈಗೆ. ಮಾದಮ್ಮ ಪೊಟ್ಟಣವನ್ನು ಹಲ್ಲಿನಿಂದ ಹರಿದು, ಗುಳಿಗೆಯ ಸ್ಟ್ರಿಪ್ ಒಂದನ್ನು ಹೊರಗೆಳೆದು ಮಾಚಮ್ಮಳ ಮಡಿಲಿಗೆ ಇಟ್ಟಳು.

"ಏನದು?" ಎಂದೆ.

"ಆಕಿ ಕೊಟ್ಟಿದ್ದು ಆಕಿಗಿ ವಾಪಸ್ ಕೊಡಬೇಕಲ್ರಿ."

"ಹಂಗ ಮಾಡಬ್ಯಾಡ್ರಿ. ಮತ್ತ ನಿಮಗ ಕಮ್ಮಿ ಬೀಳತಾವ. ಮತ್ತ ಫಿಟ್ಸ್ ಬರತೈತಿ. ನಿಮ್ಮವು ನೀವ ನುಂಗಬೇಕು, ಅವರವು ಅವರ ನುಂಗಬೇಕು."

ಮಾದಮ್ಮಳಿಗೆ ಇದು ಒಪ್ಪಿಗೆಯಾಗಲಿಲ್ಲ. ಸ್ಟ್ರಿಪ್ಪನ್ನು ಹಿಂದಕ್ಕೆ ತೆಗೆದುಕೊಳ್ಳದೆ ನನ್ನ ಮುಖವನ್ನೇ ನೋಡಿದಳು. ಅದನ್ನು ಎತ್ತಿ ಅವಳ ಪೊಟ್ಟಣಕ್ಕೆ ತಿರುಗಿ ತುರುಕಿದವಳು ಮಾಚಮ್ಮ.

"ಇಟ್ಕಳೇ ಸುಮ್ನ," ಎಂದಳು. "ಆಯಮ್ಮ ಹೇಳಿದ್ದು ಕೇಳಿಸ್ಲಿಲ್ಲೇನು? ನೀನು ಬ್ಯಾರೆ, ನಾನು ಬ್ಯಾರೆ ಅಂತ."